ಸರಾಸರಿಯಲ್ಲಿ ಅಡಗಿದ ಸಾವುಗಳು

ಒಂದು ಊರಿನ ಜನ ಎಷ್ಟು ವರ್ಷ ಬದುಕುತ್ತಾರೆ ಎಂಬ ಪ್ರಶ್ನೆಗೆ ಒಂದೇ ಉತ್ತರವಿದೆಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಸರ್ಕಾರಿ ವರದಿಗಳು ಅಂಥ ಒಂದು ಸಂಖ್ಯೆಯನ್ನು ನಮ್ಮ ಮುಂದಿಡುತ್ತವೆ, ನಾವೂ ಅದನ್ನು ಒಪ್ಪಿಕೊಂಡು ಮುಂದೆ ಸಾಗುತ್ತೇವೆ. 1842ರಲ್ಲಿ ಇಂಗ್ಲೆಂಡಿನ ಒಬ್ಬ ಅಧಿಕಾರಿ ಈ ಪ್ರಶ್ನೆಯನ್ನು ತುಸು ಬದಲಿಸಿ ಕೇಳಿದ. ಒಂದೇ ಊರಿನಲ್ಲಿ ಯಾರು ಎಷ್ಟು ವರ್ಷ ಬದುಕುತ್ತಾರೆ?

ಆತನ ಹೆಸರು ಎಡ್ವಿನ್ ಚಾಡ್ವಿಕ್. ಕಾನೂನು ಓದಿದವನು, ಬಡವರ ಪರಿಹಾರ ಕಾಯಿದೆಯ ಆಯೋಗಕ್ಕೆ ಕಾರ್ಯದರ್ಶಿಯಾಗಿದ್ದವನು. ದುಡಿಯುವ ಜನರ ನೈರ್ಮಲ್ಯ ಸ್ಥಿತಿಯನ್ನು ಕುರಿತು ಆತ ಸಿದ್ಧಪಡಿಸಿದ ವರದಿಯಲ್ಲಿ ಒಂದು ಸಣ್ಣ ಪಟ್ಟಿ ಇದೆ. ಲಿವರ್‌ಪೂಲ್ ನಗರದಲ್ಲಿ ಗಣ್ಯರು ಮತ್ತು ವಿದ್ಯಾವಂತ ವೃತ್ತಿಯವರು ಸಾಯುವಾಗಿನ ಸರಾಸರಿ ವಯಸ್ಸು 35. ವ್ಯಾಪಾರಿಗಳದು 22. ಕೂಲಿಕಾರರದು 15. ಮ್ಯಾಂಚೆಸ್ಟರಿನಲ್ಲಿ ಇದೇ ಮೂರು ವರ್ಗಗಳ ಸಂಖ್ಯೆಗಳು ಕ್ರಮವಾಗಿ 38, 20 ಮತ್ತು 17.

ಕೂಲಿಕಾರರೆಲ್ಲ ಹದಿನೇಳನೆಯ ವಯಸ್ಸಿಗೇ ಸಾಯುತ್ತಿದ್ದರೆಂದು ಇದರ ಅರ್ಥವಲ್ಲ. ಅವರ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಐದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದುದರಿಂದ ಸರಾಸರಿ ಅಷ್ಟು ಕೆಳಗಿಳಿಯುತ್ತಿತ್ತು. ಈ ಬಗೆಯ ಲೆಕ್ಕದಲ್ಲಿ ದೋಷಗಳಿವೆಯೆಂದು ಗಣಿತ ಬಲ್ಲವರು ಆ ಕಾಲದಲ್ಲಿಯೇ ಆಕ್ಷೇಪಿಸಿದ್ದುಂಟು. ಆದರೂ ಪಟ್ಟಿ ಹೇಳುತ್ತಿದ್ದ ಮುಖ್ಯ ಸಂಗತಿಯನ್ನು ಅಲ್ಲಗಳೆಯಲು ಯಾರಿಂದಲೂ ಆಗಲಿಲ್ಲ.

ಪಟ್ಟಿಯಲ್ಲಿ ಇನ್ನೊಂದು ಸಾಲು ಇತ್ತು. ಚಾಡ್ವಿಕ್ ಮ್ಯಾಂಚೆಸ್ಟರಿನ ಪಕ್ಕದಲ್ಲಿ ರಟ್‌ಲೆಂಡ್ ಎಂಬ ಹಳ್ಳಿಗಾಡಿನ ಜಿಲ್ಲೆಯನ್ನು ಇರಿಸಿದ್ದ. ಅಲ್ಲಿನ ಸಂಖ್ಯೆಗಳು 52, 41, 38. ರಟ್‌ಲೆಂಡಿನ ಕೂಲಿಯವನೂ ಮ್ಯಾಂಚೆಸ್ಟರಿನ ಶ್ರೀಮಂತನೂ ಸಾವಿನ ಲೆಕ್ಕದಲ್ಲಿ ಸರಿಸಮ! ನಗರವೆಂಬುದು ಎಲ್ಲರ ಆಯುಸ್ಸಿನಲ್ಲೂ ಪಾಲು ಕೇಳುತ್ತಿತ್ತು. ಆದರೆ ಎಲ್ಲರಿಂದಲೂ ಒಂದೇ ಸಮನಾದ ಪಾಲನ್ನಲ್ಲ. ಗಣ್ಯರಿಂದ 14 ವರ್ಷ ಪಡೆದರೆ ಕೂಲಿಯವರಿಂದ 21 ವರ್ಷ ಪಡೆಯುತ್ತಿತ್ತು, ಅದೂ ಅವರ ಬಳಿ ಇದ್ದುದೇ ಕಡಿಮೆಯಾಗಿರುವಾಗ.

ಇಂದು ವಿಶ್ವವಿದ್ಯಾಲಯಗಳಲ್ಲಿ ಎರಡು ಬೇರೆ ಬೇರೆ ವಿಷಯಗಳಾಗಿ ಅಧ್ಯಯನಗೊಳ್ಳುವ ಸಂಗತಿಗಳು ಈ ಪಟ್ಟಿಯಲ್ಲಿ ಒಟ್ಟಿಗೇ ಇದ್ದವು ಎಂಬುದನ್ನು ಗಮನಿಸಬೇಕು. ಊರಿನ ಗಾಳಿ, ನೀರು, ನೆಲ ಎಷ್ಟು ಕೆಟ್ಟಿದೆ ಎಂಬುದು ಒಂದು. ಆ ಕೆಡುಕು ಯಾರ ಪಾಲಿಗೆ ಬಂದಿದೆ ಎಂಬುದು ಇನ್ನೊಂದು. ನಗರಗಳ ಆರೋಗ್ಯದ ಚರಿತ್ರೆಯುದ್ದಕ್ಕೂ ಮೊದಲನೆಯ ಪ್ರಶ್ನೆಗೆ ದೊರೆತ ಪರಿಹಾರಗಳು ಎರಡನೆಯದನ್ನು ಮರೆತುದೇ ಹೆಚ್ಚು.

ಗಾಳಿಯೋ ಬಡತನವೋ

ಚಾಡ್ವಿಕ್‌ಗಿಂತ ಮೊದಲೇ ಪ್ಯಾರಿಸ್‌ನಲ್ಲಿ ಇಂಥದೊಂದು ಶೋಧ ನಡೆದಿತ್ತು. ಸೈನ್ಯದಲ್ಲಿ ಶಸ್ತ್ರವೈದ್ಯನಾಗಿದ್ದ ಲೂಯಿ ರೆನೆ ವಿಲೆರ್ಮೆ 1820ರ ದಶಕದಲ್ಲಿ ಆ ನಗರದ ಹನ್ನೆರಡು ವಿಭಾಗಗಳ ಮರಣ ಪ್ರಮಾಣವನ್ನು ಹೋಲಿಸಿ ನೋಡಿದ. ರೋಗಗಳೆಲ್ಲ ಕೆಟ್ಟ ಗಾಳಿಯಿಂದ, ತೇವದಿಂದ, ಇಕ್ಕಟ್ಟಿನಿಂದ ಬರುತ್ತವೆಂದು ಪಂಡಿತರೆಲ್ಲ ನಂಬಿದ್ದ ಕಾಲ ಅದು. ವಿಲೆರ್ಮೆ ನದಿಯಿಂದ ಇರುವ ದೂರವನ್ನು ಅಳೆದ, ಬೀದಿಗಳ ಅಗಲವನ್ನು ನೋಡಿದ, ಜನದಟ್ಟಣೆಯನ್ನು ಲೆಕ್ಕ ಹಾಕಿದ. ಯಾವುದೂ ಮರಣದ ಅಂಕಿಗಳೊಂದಿಗೆ ಸರಿಯಾಗಿ ಹೊಂದಲಿಲ್ಲ. ಹೊಂದಿದ್ದು ಒಂದೇ ಒಂದು. ತೆರಿಗೆ ಕಟ್ಟಲಾರದಷ್ಟು ಬಡವರು ಎಲ್ಲಿ ಹೆಚ್ಚಾಗಿದ್ದರೋ ಅಲ್ಲಿ ಸಾವೂ ಹೆಚ್ಚಾಗಿತ್ತು.

ಚಾಡ್ವಿಕ್‌ಗೆ ಈ ವಾದ ಹಿಡಿಸುವಂಥದಾಗಿರಲಿಲ್ಲ. ಆತನ ದೃಷ್ಟಿಯಲ್ಲಿ ಹೊಲಸಿನಿಂದ ರೋಗ, ರೋಗದಿಂದ ಬಡತನ. ಆದ್ದರಿಂದ ಹೊಲಸನ್ನು ತೆಗೆದರೆ ಸಾಕು, ಕೂಲಿಯ ದರಕ್ಕೋ ಊಟದ ತಟ್ಟೆಗೋ ಕೈಹಾಕಬೇಕಾಗಿಲ್ಲ. ಎಡಿನ್‌ಬರೊ ನಗರದ ವೈದ್ಯ ವಿಲಿಯಂ ಆಲಿಸನ್ ಇದನ್ನು ವಿರೋಧಿಸಿದ. ಹೊಟ್ಟೆಗಿಲ್ಲದೆ, ಉರುವಲಿಲ್ಲದೆ ಬಳಲಿದ ದೇಹ ಜ್ವರಕ್ಕೆ ಸುಲಭವಾಗಿ ತುತ್ತಾಗುತ್ತದೆ, ಬಡತನವನ್ನು ಕಡಿಮೆ ಮಾಡದೆ ಬರೀ ಚರಂಡಿ ತೋಡಿದರೆ ಸಾಲದು ಎಂಬುದು ಆತನ ನಿಲುವು. ಸರ್ಕಾರಕ್ಕೆ ಹಿಡಿಸಿದ್ದು ಚಾಡ್ವಿಕ್‌ನ ಮಾತು. ಕೊಳವೆ ಹಾಕುವುದು ಕಷ್ಟವಾದರೂ ಸಂಬಳ ಹೆಚ್ಚಿಸುವುದಕ್ಕಿಂತ ಸುಲಭ!

ಹೀಗೆಂದ ಮಾತ್ರಕ್ಕೆ ಚಾಡ್ವಿಕ್‌ನ ಕೆಲಸವನ್ನು ಹಗುರವಾಗಿ ಕಾಣಬೇಕಿಲ್ಲ. 1848ರಲ್ಲಿ ಇಂಗ್ಲೆಂಡಿನಲ್ಲಿ ಸಾರ್ವಜನಿಕ ಆರೋಗ್ಯದ ಮೊದಲ ಕಾಯಿದೆ ಬಂದುದರ ಹಿಂದೆ ಆತನ ವರದಿಯ ಒತ್ತಾಸೆ ಇತ್ತು. ಆದರೆ ಅದೇ ದಿನಗಳಲ್ಲಿ ಲಂಡನ್ನಿನಲ್ಲಿ ನಡೆದದ್ದು ವಿಚಿತ್ರ. ಮನೆಗಳ ಕೆಳಗಿನ ಮಲಗುಂಡಿಗಳು ದುರ್ವಾಸನೆಯ ಮೂಲವೆಂದು ಬಗೆದು ಅವನ್ನು ಚರಂಡಿಗೆ ಜೋಡಿಸಿದರು, ಚರಂಡಿಗಳನ್ನು ತೊಳೆದು ಥೇಮ್ಸ್ ನದಿಗೆ ಬಿಟ್ಟರು. ಮನೆಯ ನಾತವೇನೋ ಕಡಿಮೆಯಾಯಿತು. ಆದರೆ ಊರಿನ ಬಹು ಭಾಗಕ್ಕೆ ಕುಡಿಯುವ ನೀರು ಬರುತ್ತಿದ್ದುದೂ ಅದೇ ಥೇಮ್ಸ್‌ನಿಂದ! 1848–49ರ ಕಾಲರಾದಲ್ಲಿ ಲಂಡನ್ನಿನ 14 ಸಾವಿರಕ್ಕೂ ಹೆಚ್ಚು ಜನ ಸತ್ತರು.

ಒಂದು ಬೀದಿ, ಎರಡು ಕೊಳವೆ

ಕಾಲರಾ ಗಾಳಿಯಿಂದಲ್ಲ, ನೀರಿನಿಂದ ಹರಡುತ್ತದೆಂದು ವೈದ್ಯ ಜಾನ್ ಸ್ನೋ ತೋರಿಸಿದ ಕಥೆ ಶಾಲೆಯ ಪುಸ್ತಕಗಳಲ್ಲೂ ಬಂದಿದೆ. 1854ರಲ್ಲಿ ಬ್ರಾಡ್ ಸ್ಟ್ರೀಟಿನ ಕೈಪಂಪಿನ ಹಿಡಿಕೆಯನ್ನು ತೆಗೆಸಿದ ಪ್ರಸಂಗವನ್ನು ಎಲ್ಲರೂ ಹೇಳುತ್ತಾರೆ. ಆದರೆ ಆತನ ಹೆಚ್ಚು ಮಹತ್ವದ ಶೋಧ ನಡೆದದ್ದು ಥೇಮ್ಸ್‌ನ ದಕ್ಷಿಣ ದಂಡೆಯ ಬೀದಿಗಳಲ್ಲಿ.

ಅಲ್ಲಿ ಎರಡು ಖಾಸಗಿ ಕಂಪೆನಿಗಳು ನೀರು ಸರಬರಾಜು ಮಾಡುತ್ತಿದ್ದವು. ಒಂದೊಂದು ಬೀದಿಯಲ್ಲಿ ಎರಡರ ಕೊಳವೆಗಳೂ ಹಾದು ಹೋಗಿದ್ದವು. ಒಂದು ಮನೆಗೆ ಈ ಕಂಪೆನಿಯ ನೀರಾದರೆ ಪಕ್ಕದ ಮನೆಗೆ ಆ ಕಂಪೆನಿಯದು. ಲ್ಯಾಂಬೆತ್ ಕಂಪೆನಿ 1852ರಲ್ಲಿ ತನ್ನ ನೀರೆತ್ತುವ ಜಾಗವನ್ನು ನಗರದ ಕೊಳಚೆ ತಲುಪದಷ್ಟು ನದಿಯ ಮೇಲ್ಭಾಗಕ್ಕೆ ಸಾಗಿಸಿಕೊಂಡಿತ್ತು. ಸದರ್ಕ್ ಅಂಡ್ ವಾಕ್ಸ್‌ಹಾಲ್ ಕಂಪೆನಿ ಊರೊಳಗಿನ ಕೊಳಕು ನೀರನ್ನೇ ಎತ್ತುತ್ತಿತ್ತು. ಸ್ನೋ ಮನೆಮನೆಗೆ ಹೋಗಿ ವಿಚಾರಿಸಿದ. ಕಾಲರಾದ ಮೊದಲ ಏಳು ವಾರಗಳಲ್ಲಿ ಸದರ್ಕ್ ಕಂಪೆನಿಯ ಪ್ರತಿ 10,000 ಮನೆಗಳಿಗೆ 315 ಸಾವುಗಳಾದರೆ ಲ್ಯಾಂಬೆತ್ ಕಂಪೆನಿಯ ಮನೆಗಳಲ್ಲಿ ಅದು 37 ಮಾತ್ರ.

ಈ ಮನೆಗಳಲ್ಲಿ ಬಡವರೂ ಇದ್ದರು, ಉಳ್ಳವರೂ ಇದ್ದರು. ಬದುಕು ಸಾವುಗಳನ್ನು ನಿರ್ಧರಿಸಿದ್ದು ನೆಲದಡಿಯ ಕೊಳವೆ. ತಮ್ಮ ಮನೆಗೆ ಬರುವುದು ಯಾವ ಕಂಪೆನಿಯ ನೀರೆಂಬುದು ಎಷ್ಟೋ ಬಾಡಿಗೆದಾರರಿಗೆ ತಿಳಿದೇ ಇರಲಿಲ್ಲ. ಆ ಆಯ್ಕೆ ಅವರದಾಗಿರಲಿಲ್ಲ. ನಗರದಲ್ಲಿ ಆರೋಗ್ಯವೆಂಬುದು ವ್ಯಕ್ತಿಯ ಎಚ್ಚರಿಕೆಗಿಂತ ಹೆಚ್ಚಾಗಿ, ಆತನಿಗೆ ಕಾಣದ ಕಡೆ ಬೇರೆಯವರು ಮಾಡಿದ ತೀರ್ಮಾನಗಳ ಫಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕಿಲ್ಲ.

ಸರದಿಯಲ್ಲಿ ಕೊನೆಯವರು

ಸ್ನೋನ ಮಾತನ್ನು ಸರ್ಕಾರ ಕೂಡಲೇ ನಂಬಲಿಲ್ಲ. ಅದನ್ನು ಅಲುಗಾಡಿಸಿದ್ದು 1858ರ ಬೇಸಗೆ. ಬಿಸಿಲಿಗೆ ಥೇಮ್ಸ್ ಎಷ್ಟು ನಾರಿತೆಂದರೆ ದಂಡೆಯಲ್ಲೇ ಇದ್ದ ಪಾರ್ಲಿಮೆಂಟ್ ಭವನದಲ್ಲಿ ಕುಳಿತುಕೊಳ್ಳುವುದೇ ಅಸಾಧ್ಯವಾಯಿತು. ಸುಣ್ಣದ ಕ್ಲೋರೈಡಿನಲ್ಲಿ ಅದ್ದಿದ ಪರದೆಗಳನ್ನು ಕಿಟಕಿಗಳಿಗೆ ಇಳಿಬಿಟ್ಟರೂ ಪ್ರಯೋಜನವಾಗಲಿಲ್ಲ. ವರ್ಷಗಟ್ಟಲೆ ನನೆಗುದಿಗೆ ಬಿದ್ದಿದ್ದ ಒಳಚರಂಡಿ ಯೋಜನೆಗೆ ಆಗ ಕೆಲವೇ ವಾರಗಳಲ್ಲಿ ಒಪ್ಪಿಗೆ ದೊರೆಯಿತು. ನಾತ ಆಳುವವರ ಮೂಗಿಗೆ ತಲುಪಿದ ಮೇಲೆ ಹಣ ಹೊರಬಂತು ಎನ್ನಬಹುದು.

ಎಂಜಿನಿಯರ್ ಜೋಸೆಫ್ ಬಜಲ್‌ಗೆಟ್ ಸುಮಾರು 130 ಕಿಲೋಮೀಟರ್ ಉದ್ದದ ಇಟ್ಟಿಗೆಯ ಮುಖ್ಯ ಕಾಲುವೆಗಳನ್ನು ಕಟ್ಟಿಸಿದ. ನದಿಗೆ ಬೀಳುತ್ತಿದ್ದ ಕೊಳಚೆಯನ್ನು ಅಡ್ಡಗಟ್ಟಿ ಊರಿನ ಪೂರ್ವಕ್ಕೆ ಒಯ್ದು ಬಿಡುವುದು ಯೋಜನೆಯ ತಿರುಳು. ಅದು ಆ ಶತಮಾನದ ಅದ್ಭುತಗಳಲ್ಲಿ ಒಂದು; ಇಂದಿಗೂ ಲಂಡನ್ ಅದನ್ನು ಬಳಸುತ್ತಿದೆ. ಆದರೆ 1866ರಲ್ಲಿ ಕಾಲರಾ ಮತ್ತೆ ಬಂದಾಗ ಕಾಮಗಾರಿ ಎಲ್ಲ ಕಡೆ ಮುಗಿದಿರಲಿಲ್ಲ. ಉಳಿದಿದ್ದ ಭಾಗವೆಂದರೆ ಹಡಗುಕಟ್ಟೆಯ ಕೂಲಿಗಳು, ಸಣ್ಣ ಕಾರ್ಖಾನೆಗಳ ಕೆಲಸಗಾರರು ವಾಸಿಸುತ್ತಿದ್ದ ಪೂರ್ವ ಲಂಡನ್. ಅಲ್ಲಿಗೆ ನೀರು ಕೊಡುತ್ತಿದ್ದ ಕಂಪೆನಿಯ ಜಲಾಶಯಕ್ಕೂ ಕೊಳಚೆ ಸೇರಿಕೊಂಡಿತ್ತು. ಆ ವರ್ಷ ಲಂಡನ್ನಿನಲ್ಲಿ ಕಾಲರಾದಿಂದ ಸತ್ತ ಐದು ಸಾವಿರಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಈ ಭಾಗದವರು. ಪಶ್ಚಿಮದ ಬಡಾವಣೆಗಳಿಗೆ ರೋಗ ಹೆಚ್ಚಾಗಿ ತಟ್ಟಲಿಲ್ಲ. ಸೌಕರ್ಯ ಯಾರಿಗೆ ಮೊದಲು, ಯಾರಿಗೆ ಕೊನೆಗೆ ಎಂಬ ಸರದಿಯ ಪಟ್ಟಿಯೇ ಸಾವಿನ ಪಟ್ಟಿಯೂ ಆಯಿತು.

ಅದೇ ಲಂಡನ್ನಿನ ಕೊನೆಯ ಕಾಲರಾ. ಕಾಲುವೆಗಳು ಲೆಕ್ಕವಿಲ್ಲದಷ್ಟು ಜೀವಗಳನ್ನು ಉಳಿಸಿದವು ಎಂಬುದರಲ್ಲಿ ಎರಡು ಮಾತಿಲ್ಲ. ಹಾಗಾದರೆ ಹೊಲಸು ಎಲ್ಲಿಗೆ ಹೋಯಿತು? 1878ರ ಸೆಪ್ಟೆಂಬರ್ 3ರ ಸಂಜೆ ಪ್ರಿನ್ಸೆಸ್ ಆಲಿಸ್ ಎಂಬ ವಿಹಾರ ನೌಕೆ ವುಲಿಚ್ ಬಳಿ ಕಲ್ಲಿದ್ದಲಿನ ಹಡಗಿಗೆ ಡಿಕ್ಕಿ ಹೊಡೆದು ಮುಳುಗಿತು. ಸತ್ತವರು 600ಕ್ಕೂ ಹೆಚ್ಚು. ಮಹಾನಗರದ ಕೊಳಚೆಯನ್ನು ನದಿಗೆ ಬಿಡುವ ತೂಬುಗಳು ಅಲ್ಲಿಯೇ ಇದ್ದವು, ಅಪಘಾತಕ್ಕೆ ಸುಮಾರು ಒಂದು ಗಂಟೆ ಮೊದಲು ಅವನ್ನು ತೆರೆಯಲಾಗಿತ್ತು. ನೀರಿಗೆ ಬಿದ್ದವರು ಬಿದ್ದದ್ದು ಲಂಡನ್ನಿನ ಕೊಳಚೆಗೆ. ಈ ದುರಂತದ ನಂತರ ಎದ್ದ ಚರ್ಚೆಯಿಂದಾಗಿ ಕೊಳಚೆಯ ಗಸಿಯನ್ನು ಬೇರ್ಪಡಿಸಿ 1887ರಿಂದ ಹಡಗಿನಲ್ಲಿ ಒಯ್ದು ಸಮುದ್ರಕ್ಕೆ ಸುರಿಯತೊಡಗಿದರು. ಆ ಪದ್ಧತಿ ನಿಂತದ್ದು 1998ರಲ್ಲಿ. ಮನೆಯಿಂದ ಬೀದಿಗೆ, ಬೀದಿಯಿಂದ ನದಿಗೆ, ನದಿಯಿಂದ ಕಡಲಿಗೆ. ಪ್ರತಿ ಹಂತದಲ್ಲೂ ಊರು ಚೊಕ್ಕಟವಾಯಿತು, ಪ್ರತಿ ಹಂತದಲ್ಲೂ ಹೊಲಸು ಇನ್ನೊಬ್ಬರ ಬಾಗಿಲಿಗೆ ಹೋಯಿತು.

ಪ್ಲೇಗು ಕಟ್ಟಿದ ಬಡಾವಣೆಗಳು

ಚಾಡ್ವಿಕ್‌ನ ಕಾಲದ ಈ ನೈರ್ಮಲ್ಯ ಶಾಸ್ತ್ರ ಬ್ರಿಟಿಷ್ ಆಡಳಿತದ ಜೊತೆಯಲ್ಲೇ ನಮ್ಮಲ್ಲಿಗೂ ಬಂತು. ಅಗಲವಾದ ಬೀದಿ, ಗಾಳಿ ಬೆಳಕು, ಕೊಳವೆ ನೀರು, ಮುಚ್ಚಿದ ಚರಂಡಿ ಎಂಬ ಅದರ ಸೂತ್ರಗಳನ್ನು ಬೆಂಗಳೂರು ಗಂಭೀರವಾಗಿ ಸ್ವೀಕರಿಸಿದ್ದು 1898ರಲ್ಲಿ, ಪ್ಲೇಗಿನ ಭಯದಲ್ಲಿ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಎರಡು ವರ್ಷಗಳ ನಂತರ ಹುಬ್ಬಳ್ಳಿ ಕಡೆಯಿಂದ ರೈಲುಮಾರ್ಗವಾಗಿ ಬೆಂಗಳೂರನ್ನು ತಲುಪಿತು. ಇಲಿಗಳ ಮೈಮೇಲಿನ ಚಿಗಟ ರೋಗ ಹರಡುತ್ತದೆಂಬುದು ಆಗಿನ್ನೂ ಎಲ್ಲರೂ ಒಪ್ಪಿದ ಸಂಗತಿಯಾಗಿರಲಿಲ್ಲ. ಪೇಟೆಯ ಇಕ್ಕಟ್ಟಾದ ಓಣಿಗಳಿಂದ ಜನ ಗುಂಪು ಗುಂಪಾಗಿ ಊರು ಬಿಟ್ಟು ಹೊರಟರು. ಬೆಂಗಳೂರಿನ ಕೆಲವೆಡೆ ಇಂದಿಗೂ ಇರುವ ಪ್ಲೇಗು ಮಾರಮ್ಮನ ಗುಡಿಗಳು ಆ ದಿನಗಳ ಭೀತಿಗೆ ಸಾಕ್ಷಿ. ಪ್ಲೇಗಿಗೆ ಮುಂಚೆಯೇ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಚಿಸಿದ್ದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳಿಗೆ ಆಗ ಎಲ್ಲಿಲ್ಲದ ಬೇಡಿಕೆ ಬಂತು. ದಂಡು ಪ್ರದೇಶದಲ್ಲಿ 1910ರಲ್ಲಿ ಫ್ರೇಸರ್ ಟೌನ್ ತಲೆಯೆತ್ತಿತು.

ಈ ಬಡಾವಣೆಗಳ ಸೊಬಗನ್ನು ಬಲ್ಲವರೇ ಬಲ್ಲರು. ನೇರವಾದ ರಸ್ತೆಗಳು, ಸಾಲುಮರಗಳು, ಮನೆಯ ಸುತ್ತ ಕೈತೋಟ. ಆದರೆ ಅಲ್ಲಿಗೆ ಹೋಗಲು ನಿವೇಶನ ಕೊಳ್ಳುವ, ಮನೆ ಕಟ್ಟಿಸುವ ಶಕ್ತಿ ಬೇಕಿತ್ತು. ಬಡಾವಣೆಯ ಭಾಗಗಳನ್ನು ಜಾತಿ ಸಮುದಾಯಗಳ ಆಧಾರದ ಮೇಲೆ ಹಂಚುವ ಪದ್ಧತಿಯೂ ಇತ್ತು. ಕೈಲಾಗದವರು ಹಿಂದಿನ ಓಣಿಗಳಲ್ಲೇ ಉಳಿದರು.

ಹಳೆಯ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಅಡ್ಡಾಡಿದವರು ಎರಡು ಸಾಲು ಮನೆಗಳ ಹಿತ್ತಲ ನಡುವೆ ಹಾದು ಹೋಗುವ ಕಿರಿದಾದ ಗಲ್ಲಿಗಳನ್ನು ನೋಡಿರಬಹುದು. ಕನ್ಸರ್ವೆನ್ಸಿ ಗಲ್ಲಿ ಎಂದು ಅದರ ಹೆಸರು. ಒಳಚರಂಡಿ ಬರುವ ಮುನ್ನ ಹಿತ್ತಲ ಪಾಯಿಖಾನೆಗಳಿಂದ ಮಲವನ್ನು ಹೊತ್ತು ಸಾಗಿಸುವವರು ಮುಂಬಾಗಿಲಿನ ಬೀದಿಗೆ ಕಾಣಿಸಿಕೊಳ್ಳದೆ ಬಂದು ಹೋಗಲು ಮಾಡಿದ ದಾರಿ ಅದು. ಆರೋಗ್ಯಕರ ಬಡಾವಣೆಯ ಆರೋಗ್ಯ ನಿಂತಿದ್ದದ್ದು ಅವರ ತಲೆಯ ಮೇಲೆ. ಅವರ ವಾಸ ಮಾತ್ರ ಆ ಬಡಾವಣೆಯ ನಕ್ಷೆಯಲ್ಲಿ ಇರಲಿಲ್ಲ. ಮಲ ಹೊರುವ ಪದ್ಧತಿಗೆ ಕರ್ನಾಟಕದಲ್ಲಿ ತಡೆ ಹಾಕಿದ್ದು 1970ರ ದಶಕದ ಆರಂಭದಲ್ಲಿ, ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ. ದೇಶಮಟ್ಟದಲ್ಲಿ 1993ರಲ್ಲೂ 2013ರಲ್ಲೂ ಕಾಯಿದೆಗಳು ಬಂದವು. ಆದರೂ ಮ್ಯಾನ್‌ಹೋಲಿಗೆ ಇಳಿದವರು ಉಸಿರುಗಟ್ಟಿ ಸಾಯುವ ಸುದ್ದಿ ನಿಂತಿಲ್ಲ. 2023ರಲ್ಲಿ ಸುಪ್ರೀಂ ಕೋರ್ಟು ಅಂಥ ಸಾವಿನ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಬೇಕಾಗಿ ಬಂತು.

ಇಳಿಜಾರಿನ ನ್ಯಾಯ

ಬೆಂಗಳೂರು ಇರುವುದು ದಿಬ್ಬದ ಮೇಲೆ. ಇಲ್ಲಿ ಬಿದ್ದ ಮಳೆ ಒಂದು ಕಡೆ ಅರ್ಕಾವತಿಯ ಮೂಲಕ ಕಾವೇರಿಗೂ ಇನ್ನೊಂದು ಕಡೆ ದಕ್ಷಿಣ ಪಿನಾಕಿನಿಗೂ ಇಳಿಯುತ್ತದೆ. ಈ ಇಳಿಜಾರನ್ನು ಅರಿತೇ ಹಿಂದಿನವರು ಒಂದರ ಕೋಡಿ ಇನ್ನೊಂದಕ್ಕೆ ಸೇರುವಂತೆ ಕೆರೆಗಳನ್ನು ಕಟ್ಟಿದ್ದರು. 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ನೀರು ಬಂದ ಮೇಲೆ ಊರಿಗೆ ಕೆರೆಗಳ ಹಂಗು ತೀರಿತು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಈಗ ಕುಡಿಯುವ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪಾಗಿ ಬರಬೇಕು. ಅಷ್ಟು ದೂರದಿಂದ ತಂದ ನೀರೂ ಎಲ್ಲರಿಗೂ ಒಂದೇ ಕಾಲಕ್ಕೆ ಸಿಗಲಿಲ್ಲ. 2007ರಲ್ಲಿ ನಗರಕ್ಕೆ ಸೇರಿಸಿಕೊಂಡ ಅಂಚಿನ 110 ಹಳ್ಳಿಗಳಿಗಾಗಿ ರೂಪಿಸಿದ ಕಾವೇರಿ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಅದೇ ವರ್ಷದ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ ಅಂಚಿನ ಜನ ಟ್ಯಾಂಕರಿಗೆ ಕೇಳಿದಷ್ಟು ಹಣ ತೆತ್ತಿದ್ದರು. ಪೂರ್ವ ಲಂಡನ್ನಿನ ಸರದಿಯ ನೆನಪಾಗದೆ ಇರದು.

ಬಂದ ನೀರು ಬಳಕೆಯಾಗಿ ಹೋಗುವುದೆಲ್ಲಿಗೆ? ಪೂರ್ವಕ್ಕೆ ಇಳಿದದ್ದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಸೇರುತ್ತದೆ. 2015ರಲ್ಲೂ 2017ರಲ್ಲೂ 2018ರಲ್ಲೂ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಹೊತ್ತಿಕೊಂಡಿದ್ದನ್ನು ಜಗತ್ತೇ ನೋಡಿತು. ಪಶ್ಚಿಮಕ್ಕೆ ಇಳಿದದ್ದು ವೃಷಭಾವತಿಯಲ್ಲಿ ಹರಿಯುತ್ತದೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟುತ್ತದೆಂದು ಭಕ್ತರು ನಂಬಿದ ಹೊಳೆ ಇದು. ಪ್ಲೇಗಿಗೆ ಹೆದರಿ ಶುದ್ಧವಾದ ಗಾಳಿ ನೀರನ್ನು ಅರಸಿ ಜನ ಹೋದ ಬಡಾವಣೆಯ ಮಡಿಲಿನಿಂದ ಹೊರಟ ನೀರು ದಾರಿಯುದ್ದಕ್ಕೂ ಮನೆಗಳ, ಕಾರ್ಖಾನೆಗಳ ಕೊಳಚೆ ತುಂಬಿಕೊಂಡು ಬಿಡದಿ ಬಳಿಯ ಬೈರಮಂಗಲ ಕೆರೆಗೆ ಬಂದು ಬೀಳುತ್ತದೆ. ಆ ಕೆರೆಯ ಕೆಳಗಿನ ರೈತರಿಗೆ ಗದ್ದೆಗೆ ಹಾಯಿಸಲು ಇರುವುದು ಅದೇ ನೀರು. ಅದರ ನಾತ, ಸೊಳ್ಳೆ, ಕೈಕಾಲಿನ ಕಜ್ಜಿ ಅವರ ಪಾಲಿನವು. ನಗರದ ಸರಾಸರಿ ಆಯುಸ್ಸಿನ ಲೆಕ್ಕದಲ್ಲಿ ಅವರು ಬರುವುದೇ ಇಲ್ಲ, ಏಕೆಂದರೆ ಅವರು ನಗರದವರಲ್ಲ.

ಮತ್ತೆ ಅದೇ ಪಟ್ಟಿ

ಚಾಡ್ವಿಕ್ ಕೇಳಿದ ಪ್ರಶ್ನೆ ಅವನ ನಾಡಿನಲ್ಲೂ ಮುಗಿದಿಲ್ಲ. ಎಲ್ಲರಿಗೂ ಉಚಿತ ಚಿಕಿತ್ಸೆ ಬಂದು ಮೂರು ದಶಕಗಳಾದ ಮೇಲೆ, 1980ರಲ್ಲಿ, ಡಗ್ಲಸ್ ಬ್ಲ್ಯಾಕ್ ಅಧ್ಯಕ್ಷತೆಯ ಸಮಿತಿ ವರ್ಗ ವರ್ಗಗಳ ನಡುವಿನ ಸಾವಿನ ಅಂತರ ಹಾಗೆಯೇ ಉಳಿದಿದೆಯೆಂದು ವರದಿ ಕೊಟ್ಟಿತು. ಸರ್ಕಾರ ಅದರ ಕೇವಲ 260 ಪ್ರತಿಗಳನ್ನು ರಜೆಯ ದಿನಗಳಲ್ಲಿ ಹೊರತಂದು ಕೈತೊಳೆದುಕೊಂಡಿತು. ಮುಂದೆ ಮೈಕೆಲ್ ಮಾರ್ಮಟ್ ಮುಂತಾದ ಸಂಶೋಧಕರು ಈ ಕೆಲಸವನ್ನು ಮುಂದುವರಿಸಿದರು. ಪಾರ್ಲಿಮೆಂಟ್ ಭವನದ ನಿಲ್ದಾಣದಿಂದ ಪೂರ್ವಕ್ಕೆ ಹೊರಟ ಸುರಂಗ ರೈಲಿನಲ್ಲಿ ನಿಲ್ದಾಣದಿಂದ ನಿಲ್ದಾಣಕ್ಕೆ ಅಲ್ಲಿನ ಜನರ ಆಯುರ್ಮಾನ ಹೇಗೆ ಇಳಿಯುತ್ತ ಹೋಗುತ್ತದೆಂಬ ನಕ್ಷೆ ಈ ಶತಮಾನದ ಆರಂಭದಲ್ಲಿ ಬಹು ಪ್ರಸಿದ್ಧವಾಯಿತು. 1866ರಲ್ಲಿ ಕಾಲರಾ ಹೋದ ದಾರಿಯೂ ಅದೇ ದಿಕ್ಕಿನದು.

ನಮ್ಮಲ್ಲೂ ಇಂಥ ಪ್ರಯತ್ನಗಳು ನಡೆದಿವೆ. 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ದೇಶದ ಎಂಟು ನಗರಗಳಲ್ಲಿ ಕೊಳೆಗೇರಿಗಳ ಲೆಕ್ಕವನ್ನು ಉಳಿದ ಭಾಗಗಳಿಂದ ಬೇರ್ಪಡಿಸಿ ಕೊಟ್ಟಿತು. ಆ ಎಂಟರಲ್ಲಿ ಬೆಂಗಳೂರು ಇರಲಿಲ್ಲ. ವಾರ್ಡು ವಾರ್ಡಿಗೂ, ಅದರೊಳಗೆ ಬೀದಿ ಬೀದಿಗೂ, ನಗರದ ಕೊಳಚೆ ತಲುಪುವ ಹಳ್ಳಿ ಹಳ್ಳಿಗೂ ಯಾರು ಯಾವ ವಯಸ್ಸಿನಲ್ಲಿ ಯಾವ ಕಾಯಿಲೆಯಿಂದ ಸತ್ತರು ಎಂಬ ಪಟ್ಟಿ ತಯಾರಾಗಿ ಜನರ ಕೈಗೆ ಸಿಗುವಂತಾದರೆ, ಮುಂದಿನ ಕೊಳವೆ ಯಾವ ಬೀದಿಗೆ ಮೊದಲು ಹೋಗಬೇಕು, ಮುಂದಿನ ಶುದ್ಧೀಕರಣ ಘಟಕ ಎಲ್ಲಿ ಬೇಕು ಎಂಬ ಚರ್ಚೆಗೆ ಅದಕ್ಕಿಂತ ದೊಡ್ಡ ಆಧಾರ ಇನ್ನೊಂದಿಲ್ಲ.

ಹೊಲಸನ್ನು ದೂರ ಸಾಗಿಸಿದವರಿಗೂ ಅದು ಎಂದೆಂದಿಗೂ ದೂರವಾಗಿ ಉಳಿಯುವುದಿಲ್ಲ. ವೃಷಭಾವತಿಯ ನೀರಿನಲ್ಲಿ ಬೆಳೆದ ಸೊಪ್ಪು ತರಕಾರಿಗಳಲ್ಲಿ ಸೀಸ, ಕ್ರೋಮಿಯಂನಂಥ ಭಾರಲೋಹಗಳ ಅಂಶವಿರುವುದನ್ನು ಸಂಶೋಧಕರು ಗುರುತಿಸಿದ್ದಾರೆ. ಹೊಳೆಯ ದಂಡೆಯಲ್ಲಿ ಬೆಳೆದ ಮೇವು ತಿಂದ ಹಸುಗಳ ಹಾಲು, ಅಲ್ಲಿ ಕೊಯ್ದ ಸೊಪ್ಪು ಸಂಜೆಯ ವೇಳೆಗೆ ಹೊರಡುವುದು ಬೆಂಗಳೂರಿನ ಮಾರುಕಟ್ಟೆಗೆ.